ಅಮ್ಮಣ್ಣಿಯವರ ಆರು ಫ್ಲಾಪಿಗಳು

ವಿಮಾನಪುರದ ಅಮ್ಮಣ್ಣಿಯವರು ಗರುಡಾಚಾರ್‌ಪಾಳ್ಯದಲ್ಲಿದ್ದ ಶರಣಪ್ಪನವರ ಕಾರ್ಖಾನೆಗೆ ಟೈಪಿಸ್ಟಾಗಿ ಸೇರಿದವರು. 1994ರಲ್ಲಿ ಟೈಪ್‌ರೈಟರ್ ತೆಗೆದು ಕಂಪ್ಯೂಟರ್ ಇಟ್ಟಾಗ, ಆರು ತಿಂಗಳಲ್ಲಿ ಕಲಿಯದಿದ್ದರೆ ಪ್ಯಾಕಿಂಗ್ ವಿಭಾಗಕ್ಕೆ ಹೋಗಬೇಕಾಗುತ್ತದೆ ಎಂದು ಶರಣಪ್ಪನವರು ಬಹಳ ಮರ್ಯಾದೆಯಿಂದ ತಿಳಿಸಿದ್ದರು. ಪ್ಯಾಕಿಂಗ್ ವಿಭಾಗದಲ್ಲಿ ಕುರ್ಚಿಗಳಿರಲಿಲ್ಲ. ಅಮ್ಮಣ್ಣಿಯವರು ನಾಲ್ಕೇ ತಿಂಗಳಲ್ಲಿ ಕಲಿತರು.

ಅಲ್ಲಿ ತಯಾರಾಗುವ ಪ್ರತಿಯೊಂದು ಬಿಡಿಭಾಗದ ಅಳತೆಯನ್ನು ಕಂಪ್ಯೂಟರಿನಲ್ಲಿ ದಾಖಲಿಸುವುದು ಅವರ ಕೆಲಸ. ಆ ದಾಖಲೆಗಳನ್ನು ಸಂಜೆ ಹೊರಡುವ ಮುನ್ನ ಫ್ಲಾಪಿಗೆ ನಕಲು ಮಾಡಲೆಂದು ಏಳು ಸಾಲಿನ ಒಂದು ಬ್ಯಾಚ್ ಫೈಲನ್ನು ತಾವೇ ಬರೆದುಕೊಂಡಿದ್ದರು. ಕಪ್ಪು ಪರದೆಯ ಮೇಲೆ ಅದರ ಹೆಸರನ್ನು ಟೈಪ್ ಮಾಡಿದರೆ ಏಳೂ ಸಾಲು ತಾವಾಗಿಯೇ ನಡೆಯುತ್ತಿದ್ದವು. ಕೊನೆಯ ಸಾಲು ‘ಆಯಿತು’ ಎಂದು ತೋರಿಸುತ್ತಿತ್ತು. ಸೋಮವಾರದಿಂದ ಶನಿವಾರದವರೆಗೆ ದಿನಕ್ಕೊಂದರಂತೆ ಆರು ಫ್ಲಾಪಿ. ಬರೆದದ್ದನ್ನು ಮತ್ತೆ ಓದಿ ತಾಳೆ ನೋಡು ಎಂಬ ಆಜ್ಞೆಯನ್ನೂ ಆ ಸಾಲುಗಳಲ್ಲಿ ಸೇರಿಸಬಹುದಿತ್ತು. ಸೇರಿಸಿದರೆ ಐದು ನಿಮಿಷ ಹೆಚ್ಚು ಹಿಡಿದು, ಐದೂ ನಲವತ್ತರ ಬಸ್ಸು ತಪ್ಪುತ್ತಿತ್ತು. ಅವರು ಸೇರಿಸಲಿಲ್ಲ.

1998ರ ಆಯುಧಪೂಜೆಯ ದಿನ ಲೇತು, ಡ್ರಿಲ್ಲು, ಅಳತೆಯ ಉಪಕರಣಗಳೆಲ್ಲ ಹೂವು ಮುಡಿದು ಸಾಲಾಗಿದ್ದವು. ಶರಣಪ್ಪನವರು ಕಲಬುರ್ಗಿ ಕಡೆಯವರು. ಪೂಜೆಯಲ್ಲಿ ಯಾವ ವಸ್ತುವಿಗೂ ಅನ್ಯಾಯವಾಗಬಾರದು ಎಂಬುದು ಅವರ ನಿಷ್ಠೆ.

“ಅಕ್ಕಾರ, ಆ ಫ್ಲಾಪಿ ಏನ್ ಪಾಪ ಮಾಡ್ಯಾವ್ರಿ? ಅವನ್ನೂ ತರ್ರಿ.”

ಅಮ್ಮಣ್ಣಿಯವರು ಆರನ್ನೂ ಸ್ಟೀಲ್ ತಟ್ಟೆಯಲ್ಲಿಟ್ಟು ತಂದರು. ಶರಣಪ್ಪನವರು ಒಂದೊಂದರ ತಗಡಿನ ಬಾಗಿಲನ್ನೂ ಬೆರಳಿನಿಂದ ಸರಿಸಿ, ಒಳಗಿನ ತೆಳು ಬಿಲ್ಲೆಗೆ ಗಂಧದಲ್ಲಿ ಕಲಸಿದ ಕುಂಕುಮವಿಟ್ಟರು.

“ಜೀವ ಒಳಗದ. ಮ್ಯಾಲ ಹಚ್ಚಿದ್ರ ಏನ್ ಬಂತು?”

ಆ ಬಾಗಿಲನ್ನು ಯಾರೂ ಸರಿಸಕೂಡದು ಎಂದು ಗೋಡೆಗೆ ಚೀಟಿ ಅಂಟಿಸಿದ್ದವರು ಅಮ್ಮಣ್ಣಿಯವರೇ. ಆದರೆ ಇದು ಯಜಮಾನರ ಕೈ, ದೇವರ ಕೆಲಸ. ಅವರು ತಡೆಯಲಿಲ್ಲ. ರಜೆ ಮುಗಿದ ಮೇಲೆ ಹಳೆಯ ಪಂಚೆಯ ತುಂಡಿನಿಂದ ಆರನ್ನೂ ಮೆತ್ತಗೆ ಒರೆಸಿದರು. ಅಂದು ಸಂಜೆ ಪರದೆ ‘ಆಯಿತು’ ಎಂದಿತು. ಮರುದಿನವೂ ಎಂದಿತು.

ಮೂರು ವಾರ ಕಳೆದು, ಒಂದು ಶುಕ್ರವಾರ ಬೆಳಿಗ್ಗೆ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಕಟಕಟ ಸದ್ದು ಮಾಡಿ ನಿಂತಿತು. ಸೋಮವಾರ, ಮಾಲು ಕೊಳ್ಳುವ ಕಂಪನಿಯ ಪರೀಕ್ಷಕರು ಅಳತೆಯ ದಾಖಲೆ ನೋಡಲು ಬರುವವರಿದ್ದರು. ದಾಖಲೆ ಇಲ್ಲದಿದ್ದರೆ ಅವರಿಗಾಗಿ ತಯಾರಾಗಿದ್ದ ಇನ್ನೂರ ಹನ್ನೆರಡು ಬಿಡಿಭಾಗಗಳೂ ತಿರಸ್ಕೃತ. ಅಮ್ಮಣ್ಣಿಯವರಿಗೆ ಗಾಬರಿಯಾಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹೊಸ ಡಿಸ್ಕ್ ಹಾಕಿಸಿ, ಗುರುವಾರದ ಫ್ಲಾಪಿಯನ್ನು ಒಳಗೆ ತಳ್ಳಿದರು. ಓದಲಾಗುತ್ತಿಲ್ಲ ಎಂದು ಪರದೆ ತಿಳಿಸಿತು. ಬುಧವಾರದ್ದನ್ನೂ ಓದಲಿಲ್ಲ. ಆರನೆಯದನ್ನು ಹೊರಗೆ ತೆಗೆಯುವ ಹೊತ್ತಿಗೆ ಬಾಗಿಲಲ್ಲಿ ಪ್ರವೀಣ ನಿಂತಿದ್ದ. ಶರಣಪ್ಪನವರ ಅಕ್ಕನ ಮಗ. ಕಾಲೇಜು ಮುಗಿಸಿ ಬಂದು ಎರಡು ತಿಂಗಳಿಂದ ಆ ಕಂಪ್ಯೂಟರ್ ಕೋಣೆಯ ಕೆಲಸದ ಮೇಲೆ ಕಣ್ಣಿಟ್ಟಿದ್ದವನು.

“ದಿನಾ ಆಯ್ತು ಅಂತ ಬರ್ತಿತ್ತಲ್ವಾ ಮೇಡಂ?”

“ಬರ್ತಿತ್ತು.”

“ಯಾರು ಬರೆದಿದ್ದು ಆ ಲೈನ್‌ನ?”

“ನಾನೇ.”

ಶರಣಪ್ಪನವರೂ ಬಂದರು. ಅಮ್ಮಣ್ಣಿಯವರು ಒಂದು ಫ್ಲಾಪಿಯ ಬಾಗಿಲು ಸರಿಸಿ ತೋರಿಸಿದರು. ಬಿಲ್ಲೆಯ ಮೇಲೆ ಕೆಂಪು ವರ್ತುಲಗಳಿದ್ದವು. ಶರಣಪ್ಪನವರು ತಮ್ಮ ಬಲಗೈ ಬೆರಳನ್ನು ಒಮ್ಮೆ ನೋಡಿಕೊಂಡರು.

“ಇದು ನಾ ಹಚ್ಚಿದ್ದಲ್ಲೇನ್ರಿ?”

ಹೌದು ಎಂದಿದ್ದರೆ ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಅಮ್ಮಣ್ಣಿಯವರು ಫ್ಲಾಪಿಯ ಬಾಗಿಲು ಮುಚ್ಚಿದರು.

“ಕುಂಕುಮ ನಿಮ್ದು ಸಾರ್. ಓದಿ ನೋಡದೆ ಆಯ್ತು ಅಂದಿದ್ದು ನಂದು. ಹದಿನೆಂಟು ದಿನ.”

“ಸೋಮವಾರ ದಾಟ್ಲಿ,” ಎಂದರು ಶರಣಪ್ಪನವರು. “ಯಾರು ಇಲ್ಲಿ, ಯಾರು ಪ್ಯಾಕಿಂಗ್‌ಗೆ ಅನ್ನೂದು ಆಮ್ಯಾಲ ನೋಡೂಣು.”

ಕೆಲಸಗಾರರು ಕೈಯಲ್ಲಿ ಬರೆದ ಅಳತೆಯ ಚೀಟಿಗಳು ಶೆಡ್ಡಿನ ಮೂಲೆಯ ತಂತಿಯಲ್ಲಿ ಚುಚ್ಚಿಕೊಂಡಿದ್ದವು. ಅವುಗಳಿಂದಲೇ ಎಲ್ಲವನ್ನೂ ಹೊಸದಾಗಿ ದಾಖಲಿಸಬೇಕಾಯಿತು. ಪ್ರವೀಣ ಓದಿದ, ಅಮ್ಮಣ್ಣಿಯವರು ಟೈಪ್ ಮಾಡಿದರು. ಎಣ್ಣೆ ಕುಡಿದ ಐದು ಚೀಟಿಗಳು ಓದಲು ಬರಲಿಲ್ಲ. ಆ ಐದು ಭಾಗಗಳನ್ನು ಮತ್ತೆ ಅಳೆಸಿದರು. ಭಾನುವಾರ ಸಂಜೆಗೆ ಇನ್ನೂರ ಹನ್ನೆರಡೂ ಮುಗಿದವು. ಆ ಮೂರು ದಿನಗಳಲ್ಲಿ ಪ್ರವೀಣ ಅಂಕಿಗಳನ್ನಲ್ಲದೆ ಬೇರೇನನ್ನೂ ಆಡಲಿಲ್ಲ.

ಸೋಮವಾರ ಬಂದ ಪರೀಕ್ಷಕರು ಹನ್ನೆರಡು ಹಾಳೆ ನೋಡಿದರು, ಚಹಾ ಕುಡಿದರು, ಮಾಲು ಸರಿಯಾಗಿದೆ ಎಂದರು. ಕೊನೆಗೆ ಒಂದು ಫಾರ್ಮು ತೆಗೆದರು.

“ಬ್ಯಾಕಪ್ ಇದೆ ಅಲ್ವಾ ಮೇಡಂ?” ಅವರ ಪೆನ್ನು ಆಗಲೇ ‘ಇದೆ’ ಎಂಬ ಚೌಕದ ಮೇಲಿತ್ತು.

“ಬೆಳಿಗ್ಗೆ ಹೊಸ ಫ್ಲಾಪಿಗೆ ಕಾಪಿ ಮಾಡಿದೀನಿ. ವಾಪಸ್ ಓದಿ ನೋಡಿಲ್ಲ. ಇಲ್ಲ ಅಂತ ಬರ್ಕೊಳ್ಳಿ.”

ಶರಣಪ್ಪನವರು ಕಣ್ಣು ಮುಚ್ಚಿಕೊಂಡರು. ಪರೀಕ್ಷಕರಿಗೆ ‘ಇಲ್ಲ’ ಎಂಬ ಚೌಕ ಎಲ್ಲಿದೆ ಎಂದು ಹುಡುಕಲು ತುಸು ಸಮಯ ಬೇಕಾಯಿತು. ಗುರುತು ಹಾಕಿ, ಸರಿಪಡಿಸಲು ಹದಿನೈದು ದಿನದ ಗಡುವು ಬರೆದು ಹೊರಟರು.

“ಇದೆ ಅಂದಿದ್ರೆ ಮುಗ್ದೋಗ್ತಿತ್ತು,” ಎಂದ ಪ್ರವೀಣ.

“ಇಷ್ಟು ದಿನ ಅದನ್ನೇ ಅಂದಿದ್ದೆನಲ್ಲಪ್ಪ.”

ಶರಣಪ್ಪನವರು ಫಾರ್ಮನ್ನು ಎರಡು ಸಲ ಓದಿ ಮಡಿಸಿ ಜೇಬಿಗಿಟ್ಟರು. “ಅಕ್ಕಾರ, ನೀವು ಇಲ್ಲೇ ಇರ್ರಿ. ಆ ವಾಪಸ್ ಓದೂದು ಇವಗೂ ಕಲಿಸ್ರಿ.”

ಪ್ರವೀಣ ಶೆಡ್ಡಿನಿಂದ ಒಂದು ಸ್ಟೂಲು ತಂದು ಹಾಕಿಕೊಂಡ. ಅಮ್ಮಣ್ಣಿಯವರು ಬೆಳಗಿನ ಫ್ಲಾಪಿಯನ್ನು ಮತ್ತೆ ಒಳಗೆ ತಳ್ಳಿ, ಕಂಪ್ಯೂಟರ್ ಅದನ್ನು ಓದಿ ಮುಗಿಸುವವರೆಗೆ ಕಾದರು.