ಬಸ್ಸಿಲ್ಲ ಎಂದವಳು

ರಟ್ಟಿನ ಪೆಟ್ಟಿಗೆ ಮಾಡುವ ಆ ಕಾರ್ಖಾನೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುತ್ತಿದ್ದವರು ಮ್ಯಾನೇಜರ್ ಒಬ್ಬರೇ. ಮಿಕ್ಕವರಿಗೆಲ್ಲ ಅವಳು ಅಕ್ಕ. ಅವಳಿಗಿಂತ ಹತ್ತು ವರ್ಷ ದೊಡ್ಡವರಾದ ಲಾರಿ ಡ್ರೈವರುಗಳೂ ಗೇಟಿನಲ್ಲಿ ನಿಂತು, "ಅಕ್ಕ ಇದಾರಾ?" ಎಂದೇ ಕೇಳುತ್ತಿದ್ದರು. ಹದಿನಾರು ವರ್ಷದ ಹಿಂದೆ ಪೆಟ್ಟಿಗೆಗೆ ಪಿನ್ ಹೊಡೆಯುವ ಮಷಿನ್ನಿನ ಮುಂದೆ ಕೂತವಳು, ಬೆರಳಿಗೆ ಎರಡು ಸಲ ಪಿನ್ ಹೊಡೆಸಿಕೊಂಡು, ಕೊನೆಗೆ ಸೂಪರ್‌ವೈಸರ್ ಆಗಿದ್ದಳು. ಯಾರಿಗೆ ರಜ ಬೇಕು, ಯಾರ ಮಗುವಿಗೆ ಜ್ವರ, ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ, ಎಲ್ಲ ಅವಳಿಗೆ ಗೊತ್ತಿರುತ್ತಿತ್ತು. ಅವಳ ಮಾತಿಗೆ ಒಂದು ತೂಕವಿತ್ತು. ಇಲ್ಲ ಎನ್ನುವುದಿದ್ದರೆ ಮುಖಕ್ಕೇ ಹೇಳುತ್ತಿದ್ದಳು, ಸುತ್ತಿಬಳಸಿ ಹೇಳುತ್ತಿರಲಿಲ್ಲ.

ಕಾಯಿಲೆ ಬಂತು, ಊರಿಗೆ ಊರೇ ಬಾಗಿಲು ಹಾಕಿಕೊಂಡಿತು. ಕಾರ್ಖಾನೆಯಲ್ಲಿದ್ದ ಇಪ್ಪತ್ತಾರು ಜನರಲ್ಲಿ ಹದಿನೇಳು ಜನ ಮೊದಲ ವಾರದಲ್ಲೇ ಸಿಕ್ಕಿದ ಲಾರಿ ಹತ್ತಿಯೋ ಕಾಲ್ನಡಿಗೆಯಲ್ಲೋ ತಮ್ಮ ತಮ್ಮ ಊರು ಸೇರಿದರು. ಉಳಿದ ಒಂಬತ್ತು ಜನ ಹಿಂದಿನ ಶೆಡ್ಡಿನಲ್ಲಿ, ಬಿಚ್ಚಿ ಹಾಸಿದ ಪೆಟ್ಟಿಗೆಗಳ ಮೇಲೆ ಮಲಗತೊಡಗಿದರು. ಕಾಗದದ ರೀಲು ಹೊತ್ತ ಲಾರಿಗಳು ಎಲ್ಲೆಲ್ಲೋ ಚೆಕ್‌ಪೋಸ್ಟುಗಳ ಹತ್ತಿರ ನಿಂತುಬಿಟ್ಟವು. ಅಂಟಿನ ಪುಡಿ ಬಂದರೆ ಪಿನ್ನಿನ ತಂತಿ ಇಲ್ಲ, ತಂತಿ ಬಂದರೆ ರೀಲಿಲ್ಲ. ಆದರೂ ಮಷಿನ್ನು ನಿಂತಿರಲಿಲ್ಲ. ಅದಕ್ಕೆ ಕಾರಣ ಉದ್ದಣ್ಣ.

ಉದ್ದಣ್ಣ ಎಂದರೆ ಕಾಗದಕ್ಕೆ ಅಲೆ ಮೂಡಿಸುವ ದೊಡ್ಡ ಮಷಿನ್ನನ್ನು ನಡೆಸುವವನು. ಶೆಡ್ಡಿನ ಬಾಗಿಲಲ್ಲಿ ತಲೆ ತಗ್ಗಿಸದೆ ಒಳಗೆ ಬಂದ ದಿನವೆಲ್ಲ ಹಣೆಯ ಮೇಲೆ ಒಂದು ಬುಗುಟು. "ಬಾಗಿಲಿಗೆ ನನ್ನ ಕಂಡ್ರೆ ಯಾಕೋ ಆಗಲ್ಲ ಅಕ್ಕ" ಎನ್ನುತ್ತಿದ್ದ. ಆ ಮಷಿನ್ನಿನ ಸ್ವಭಾವ ಬಲ್ಲವರು ಅವನ ಹೊರತು ಆಗ ಅಲ್ಲಿ ಯಾರೂ ಉಳಿದಿರಲಿಲ್ಲ.

ಅವನ ಹೆಂಡತಿ ಊರಲ್ಲಿದ್ದಳು. ಚೊಚ್ಚಲ ಬಸುರಿ, ದಿನ ತುಂಬುತ್ತ ಬಂದಿತ್ತು.

ಒಂದು ಬೆಳಿಗ್ಗೆ ಮ್ಯಾನೇಜರ್ ಅವಳನ್ನು ಒಳಗೆ ಕರೆದು ಒಂದು ಕಾಗದ ಮುಂದಿಟ್ಟರು. ಕೆಲಸದವರನ್ನು ಊರಿಗೆ ಮುಟ್ಟಿಸಲು ಐದು ದಿನ ಬಸ್ ಬಿಡುತ್ತಾರೆ, ಹೋಗುವವರ ಪಟ್ಟಿಯನ್ನು ಕಾರ್ಖಾನೆಯವರೇ ಕಳಿಸಬೇಕು ಎಂದಿತ್ತು.

"ಇವರು ಹೋದ್ರೆ ಬಾಗಿಲು ಹಾಕೋದೇ" ಎಂದರು ಮ್ಯಾನೇಜರ್. "ಗ್ಲೂಕೋಸ್ ಬಾಟಲಿ ಕಂಪನಿಯವರು ದಿನಕ್ಕೆ ಹತ್ತು ಸಲ ಫೋನ್ ಮಾಡ್ತಿದಾರೆ. ಬಾಟಲಿ ರೆಡಿ ಇದೆ, ತುಂಬಿ ಕಳಿಸೋಕೆ ಪೆಟ್ಟಿಗೆ ಇಲ್ಲ. ಆಸ್ಪತ್ರೆಗೆ ಹೋಗೋ ಮಾಲು. ನೀವೇ ಯೋಚನೆ ಮಾಡಿ."

"ನಾನೇನು ಮಾಡ್ಲಿ ಸರ್?"

"ಏನೂ ಮಾಡ್ಬೇಡಿ. ಕೇಳಿದ್ರೆ ಅವರ ಊರ ಕಡೆಗೆ ಬಸ್ಸಿಲ್ಲ ಅನ್ನಿ. ಹತ್ತೇ ದಿನ. ನಿಮ್ಮ ಮಾತು ಅವರು ಮೀರಲ್ಲ."

ಮೀರಲ್ಲ ಎಂಬ ಆ ಮಾತು ಅವಳಿಗೆ ಒಳಗೊಳಗೇ ಹಿತವಾಯಿತು. ಅದನ್ನು ನೆನೆದಾಗಲೆಲ್ಲ ಅವಳಿಗೆ ಈಗಲೂ ಕಿವಿ ಬಿಸಿಯಾಗುತ್ತದೆ.

ಮಧ್ಯಾಹ್ನ ಉದ್ದಣ್ಣನೇ ಬಂದ. ಹಿಂದೆ ಒಂದು ಸಲ ಯಾರೋ ಬಸ್ಸಿದೆ ಎಂದರೆಂದು ಶೆಡ್ಡಿನವರೆಲ್ಲ ಗಂಟುಮೂಟೆ ಹೊತ್ತು ನಿಲ್ದಾಣಕ್ಕೆ ಹೋಗಿ, ಪೊಲೀಸರ ಲಾಠಿ ರುಚಿ ನೋಡಿ ಬಂದಿದ್ದರು. ಅಂದಿನಿಂದ ಮೊಬೈಲಿನಲ್ಲಿ ಬರುವ ಸುದ್ದಿಯನ್ನು ಅವರಾರೂ ನಂಬುತ್ತಿರಲಿಲ್ಲ. ಅಕ್ಕನನ್ನು ಮಾತ್ರ ಕೇಳುತ್ತಿದ್ದರು.

"ಬಸ್ ಬಿಡ್ತಾರಂತೆ, ಹೌದಾ ಅಕ್ಕ?"

"ನಿಮ್ಮ ಊರ ಕಡೆಗಿಲ್ಲ ಕಣೋ. ಬೇರೆ ಕಡೆಗೆ."

"ಮನೇಲಿ ಅವಳೊಬ್ಬಳೇ..."

"ಇನ್ನೂ ಮೂರು ವಾರ ಇದೆ ತಾನೆ? ಅಷ್ಟರಲ್ಲಿ ಬಿಟ್ಟೇ ಬಿಡ್ತಾರೆ. ಬಿಟ್ಟ ದಿನ ನಾನೇ ನಿಂತು ಹತ್ತಿಸ್ತೀನಿ, ಸರೀನಾ?"

"ನೀವು ಹೇಳಿದ ಮೇಲೆ ಮುಗೀತು" ಎಂದು ಅವನು ಮಷಿನ್ನಿನ ಕಡೆ ತಿರುಗಿದ.

ಎರಡು ದಿನ ಗ್ಲೂಕೋಸ್ ಪೆಟ್ಟಿಗೆ ಆಯಿತು. ಕಟ್ಟುಗಳು ಲಾರಿ ಏರುವಾಗ ಅವಳು ಆಸ್ಪತ್ರೆಯ ಮಂಚಗಳನ್ನು ನೆನೆದು ಸಮಾಧಾನ ಮಾಡಿಕೊಂಡಳು. ಮೂರನೆಯ ದಿನ ಆ ಪೆಟ್ಟಿಗೆಗೆ ಬೇಕಾದ ಗಟ್ಟಿ ಕಾಗದ ಮುಗಿಯಿತು. ತೆಳ್ಳಗಿನ ಕಾಗದ ಮಾತ್ರ ಉಳಿದಿತ್ತು. ಮ್ಯಾನೇಜರ್ ಅದನ್ನು ಬೇರೆ ಗಿರಾಕಿಯ ಪೆಟ್ಟಿಗೆಗೆ ಹಚ್ಚಿದರು. ಅಚ್ಚಿನ ಮಷಿನ್ನಿನಿಂದ ಹೊರಬಿದ್ದ ಮೊದಲ ಹಾಳೆಯನ್ನು ಅವಳು ಎತ್ತಿ ನೋಡಿದಳು. ಕಪ್ಪು ಕೂದಲು ಹರವಿಕೊಂಡ ಹೆಂಗಸೊಬ್ಬಳು ನಗುತ್ತಿದ್ದಳು. ಕೂದಲಿಗೆ ಹಚ್ಚುವ ಬಣ್ಣದ ಪೆಟ್ಟಿಗೆ.

ಊರಿನ ಕ್ಷೌರದಂಗಡಿಗಳೆಲ್ಲ ಮುಚ್ಚಿದ್ದರಿಂದ ಮನೆಯಲ್ಲೇ ಬಣ್ಣ ಹಚ್ಚಿಕೊಳ್ಳುವವರು ಹೆಚ್ಚಾಗಿದ್ದರಂತೆ.

ಬಸ್ಸುಗಳು ಇನ್ನೂ ಮೂರು ದಿನ ಇದ್ದವು. ಆಗಲಾದರೂ ಅವಳು ಬಾಯಿ ಬಿಡಬಹುದಿತ್ತು. ಹೇಳಿದರೆ ಮೊದಲು ಹೇಳಿದ್ದು ಸುಳ್ಳೆಂದು ಒಪ್ಪಬೇಕಲ್ಲ. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿ, ಕಟ್ಟುಗಳನ್ನು ಎಣಿಸುತ್ತ ನಿಂತಳು. ಐದು ದಿನ ಕಳೆದವು.

ಅದಾಗಿ ನಾಲ್ಕನೆಯ ದಿನ ಉದ್ದಣ್ಣನ ಫೋನು ಬಡಿದುಕೊಂಡಿತು. ಹೆಂಡತಿಗೆ ದಿನಕ್ಕೆ ಮೊದಲೇ ನೋವು ಕಾಣಿಸಿಕೊಂಡು ಹೆರಿಗೆಯಾಗಿತ್ತು. ಹೆಣ್ಣು ಮಗು. ಇಬ್ಬರೂ ಉಳಿದಿದ್ದಾರೆ, ಆದರೆ ತಾಯಿಗೆ ಬಹಳ ರಕ್ತ ಹೋಗಿದೆ ಎಂದು ಪಕ್ಕದ ಬೀದಿಯ ಹೆಂಗಸು ಹೇಳಿದಳು. ಉದ್ದಣ್ಣ ಮಷಿನ್ನು ನಿಲ್ಲಿಸಿ ರೀಲಿನ ಮೇಲೆ ಕೂತುಬಿಟ್ಟ. ನಗುತ್ತಿದ್ದಾನೋ ಅಳುತ್ತಿದ್ದಾನೋ ತಿಳಿಯುವಂತಿರಲಿಲ್ಲ.

ಅದೇ ಹೊತ್ತಿಗೆ ಕೊನೆಗೂ ಒಂದು ರೀಲಿನ ಲಾರಿ ಬಂತು. ಸುದ್ದಿ ಕೇಳಿದ ಡ್ರೈವರು ಲಾರಿಯಿಂದ ಇಳಿಯುತ್ತಲೇ, "ಅಯ್ಯೋ, ನೀವಿನ್ನೂ ಇಲ್ಲೇ ಯಾಕಿದೀರಿ? ನಿಮ್ಮ ಊರ ಕಡೆಗೆ ಐದು ದಿನ ಬಸ್ ಹೋಯ್ತಲ್ಲ. ಅರ್ಧಕ್ಕರ್ಧ ಖಾಲಿ!" ಎಂದ.

ಎಲ್ಲರೂ ಅಕ್ಕನ ಕಡೆ ತಿರುಗಿದರು. ಅವಳ ಕೈಯಲ್ಲಿ ಅಳತೆಯ ಟೇಪಿತ್ತು. ಅದನ್ನು ಸುತ್ತುತ್ತ, ಸುತ್ತುತ್ತಲೇ, "ನಂಗೊತ್ತಿರಲಿಲ್ಲಪ್ಪ" ಎಂದಳು.

ಉದ್ದಣ್ಣನೇ ಎದ್ದು ನಿಂತು ಡ್ರೈವರನ್ನು ಗದರಿಸಿದ. "ಅಕ್ಕನಿಗೆ ಗೊತ್ತಿದ್ರೆ ನಂಗೆ ಹೇಳದೆ ಇರ್ತಿದ್ರಾ? ಏನ್ ಮಾತಾಡ್ತೀಯ!"

ಆ ಲಾರಿಯಲ್ಲೇ ಅವನು ಅರ್ಧ ದಾರಿಯವರೆಗೆ ಹೋದ. ಹತ್ತುವಾಗ, "ಮಷಿನ್ನಿನ ಎಡಗಡೆ ಉರುಳೆ ಬಿಸಿಯಾಗ್ತಿದೆ ಅಕ್ಕ, ನೋಡ್ಕೊಳ್ಳಿ" ಎಂದು ಹೇಳಿಹೋದ.

ಬೇಸಿಗೆ ಕಳೆದ ಮೇಲೆ ಕಂಪನಿಯವರು ಅವಳಿಗೆ ಪ್ರಶಂಸಾಪತ್ರ ಕೊಟ್ಟರು. ಕಷ್ಟಕಾಲದಲ್ಲಿ ಕೆಲಸದವರನ್ನು ಹಿಡಿದಿಟ್ಟುಕೊಂಡ ಧೀಮಂತ ಮಹಿಳೆ ಎಂದು ಅದರಲ್ಲಿ ಬರೆದಿತ್ತು. ಹಿಡಿದಿಟ್ಟುಕೊಂಡ ಎನ್ನುವುದನ್ನು ಓದಿ ಅವಳಿಗೆ ನೆಲ ಬಾಯಿಬಿಡಬಾರದೇ ಎನ್ನಿಸಿತು. ಫೋಟೋಗೆ ಮಾತ್ರ ನಕ್ಕಳು. ಗಂಡ ಟೈಲರು. ಅಂಗಡಿ ಮುಚ್ಚಿದ್ದರಿಂದ ಮನೆಯಲ್ಲೇ ಮಾಸ್ಕು ಹೊಲಿಯುತ್ತಿದ್ದ. ಪತ್ರವನ್ನು ಗೋಡೆಗೆ ತೂಗುಹಾಕಲೆಂದು ಅವನು ಮೊಳೆ ಹುಡುಕಿಕೊಂಡು ಬಂದಾಗ ಅವಳು ಇದ್ದದ್ದನ್ನೆಲ್ಲ ಹೇಳಿದಳು. ಅವನು ಮೊಳೆಯನ್ನು ಡಬ್ಬಿಗೆ ವಾಪಸು ಹಾಕಿದ.

"ಅವನಿಗೆ ಹೇಳಿದ್ಯಾ?"

"ಇಲ್ಲ."

"ನನಗೆ ಹೇಳಿ ಏನು ಉಪಯೋಗ ಹಂಗಾದ್ರೆ?" ಎಂದು ಮತ್ತೆ ಹೊಲಿಗೆಗೆ ಕೂತ.

ಇತ್ತ ಉದ್ದಣ್ಣ ವಾರಕ್ಕೊಮ್ಮೆ ಮಗುವಿನ ಫೋಟೋ ಕಳಿಸುತ್ತಿದ್ದ. ಮಗು ಬೋರಲು ಬಿದ್ದಿದ್ದು, ಮಗುವಿಗೆ ಹಲ್ಲು ಬಂದಿದ್ದು. "ಉದ್ದದಲ್ಲಿ ನನ್ನ ಹಾಗೇ ಅಕ್ಕ, ಬಾಗಿಲುಗಳಿಗೆ ಕಷ್ಟ" ಎಂದು ಬರೆಯುತ್ತಿದ್ದ. ಒಂದೊಂದು ಫೋಟೋ ಬಂದಾಗಲೂ ಅವಳು ಒಮ್ಮೆ ನೋಡಿ ಫೋನನ್ನು ಮಗುಚಿಡುತ್ತಿದ್ದಳು. ಬಸ್ಸುಗಳು ಮೊದಲಿನಂತೆ ಓಡತೊಡಗಿದ ಮೇಲೆ ಒಂದು ಭಾನುವಾರ ಅವನ ಊರಿಗೆ ಹೊರಟಳು.

ಚಿಕ್ಕ ಮನೆ, ಒಂದೇ ಕಿಟಕಿ. ಉದ್ದಣ್ಣ ಊರಲ್ಲೇ ಒಂದು ಮರದ ಮಿಲ್ಲಿಗೆ ಸೇರಿದ್ದ. ಅಕ್ಕ ಬರುತ್ತಾರೆಂದು ಭಾನುವಾರದ ಪಾಳಿಗೆ ರಜ ಹಾಕಿ, ಪಕ್ಕದ ಮನೆಯಿಂದ ಕುರ್ಚಿ ತಂದಿಟ್ಟಿದ್ದ. ಹೆಂಡತಿ ಇನ್ನೂ ಬಿಳಿಚಿಕೊಂಡೇ ಇದ್ದಳು. ಮಗುವನ್ನು ತಂದು ಅಕ್ಕನ ಮಡಿಲಿಗೆ ಹಾಕಿದಳು. ಅಕ್ಕ ಅದನ್ನು ಎರಡು ನಿಮಿಷವೂ ಇಟ್ಟುಕೊಳ್ಳಲಾರದೆ ಹಿಂದಿರುಗಿಸಿದಳು.

"ಉದ್ದಣ್ಣ, ಬಸ್ಸಿದೆ ಅಂತ ನಂಗೆ ಗೊತ್ತಿತ್ತು" ಎಂದಳು. "ಕಾಗದ ನೋಡಿದ್ದೆ. ಬೇಕಂತಲೇ ಹೇಳಲಿಲ್ಲ."

ಅವನಿಗೆ ಮೊದಲು ಅರ್ಥವಾಗಲಿಲ್ಲ. ಅರೆನಗೆ ಮುಖದ ಮೇಲೆ ಹಾಗೇ ಇತ್ತು. ಅವಳು ಮತ್ತೊಮ್ಮೆ ಮೊದಲಿನಿಂದ ಹೇಳಿದಳು. ಮ್ಯಾನೇಜರರ ಮಾತು, ಗ್ಲೂಕೋಸ್, ಆಮೇಲಿನ ಕೂದಲ ಬಣ್ಣ, ಯಾವುದನ್ನೂ ಮುಚ್ಚಿಡಲಿಲ್ಲ. ಹೇಳುತ್ತಿದ್ದಂತೆ ನಗೆ ಮೆಲ್ಲಗೆ ಇಳಿಯಿತು. ಅವನು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು.

"ಐದು ಗಂಟೆಗೆ ಬಸ್ಸಿದೆ, ಮೇಡಂ" ಎಂದಷ್ಟೇ ಹೇಳಿ ಎದ್ದು ಹಿತ್ತಲಿಗೆ ಹೋದ. ಹತ್ತು ವರ್ಷದಲ್ಲಿ ಅವನ ಬಾಯಲ್ಲಿ ಮೇಡಂ ಎಂಬ ಮಾತನ್ನು ಅವಳು ಕೇಳಿರಲಿಲ್ಲ.

ಬಸ್ ನಿಲ್ಲುವಲ್ಲಿಗೆ ದಾರಿ ತೋರಿಸಲು ಹೆಂಡತಿಯೇ ಮಗುವನ್ನು ಸೊಂಟಕ್ಕೇರಿಸಿಕೊಂಡು ಬಂದಳು. ಸ್ವಲ್ಪ ದೂರ ನಡೆದು, ಒಂದು ಹಸಿರು ಬಾಗಿಲಿನ ಮುಂದೆ ನಿಂತಳು.

"ಅವತ್ತು ಮಟಮಟ ಮಧ್ಯಾಹ್ನ. ಗೋಡೆ ಹಿಡ್ಕೊಂಡು ಇಲ್ಲೀವರೆಗೂ ಬಂದೆ. ಈ ಮನೇಲಿ ಕುಕ್ಕರ್ ಕೂಗ್ತಿತ್ತು. ಬಾಗಿಲು ತೆಗೀಲಿಲ್ಲ."

ಮುಂದಿನ ಮನೆ. "ಇವರು ಕಿಟಕಿಯಿಂದ ನೋಡಿದ್ರು. ಕಾಯಿಲೆ ಭಯ, ಪಾಪ. ಕಿಟಕೀನೂ ಹಾಕ್ಕೊಂಡ್ರು."

ಅದರಾಚೆಯದು. "ಇಲ್ಲಿ ತಟ್ಟೋಕಾಗಲಿಲ್ಲ, ಕೂತ್ಬಿಟ್ಟೆ. ಆಮೇಲೆ ಆ ಎದುರು ಮನೆಯವರು ಬಂದ್ರು."

ಬೈಗುಳವೂ ಅಲ್ಲ, ಅಳುವೂ ಅಲ್ಲ. ಹೊಸಬರಿಗೆ ಬೀದಿ ಪರಿಚಯ ಮಾಡಿಸುವಂಥ ದನಿ. ಅಕ್ಕ ತಲೆ ಎತ್ತದೆ, "ನನ್ನದು ತಪ್ಪಾಯ್ತಮ್ಮ" ಎಂದಳು.

"ನೀವು ಬರದೇ ಇದ್ದಿದ್ರೆ ನಮ್ಮನೆಯವರಿಗೆ ಗೊತ್ತೇ ಆಗ್ತಿರಲಿಲ್ಲ" ಎಂದಳು ಹೆಂಡತಿ. "ಈಗ ಅವರು ಎಷ್ಟು ದಿನ ಊಟ ಬಿಡ್ತಾರೋ." ಅದು ಬಂದದ್ದಕ್ಕೆ ಮೆಚ್ಚುಗೆಯೋ ದೂರೋ ಎಂದು ಕೇಳುವ ಧೈರ್ಯ ಅಕ್ಕನಿಗೆ ಬರಲಿಲ್ಲ. ಬಸ್ಸು ಬಂತು.

ಮಾರನೆಯ ದಿನ ಊಟದ ಹೊತ್ತಿಗೆ ಅವಳು ಅಂದು ಶೆಡ್ಡಿನಲ್ಲಿದ್ದ ಉಳಿದ ಎಂಟು ಜನರ ಎದುರೂ ಹೇಳಿಬಿಟ್ಟಳು. ತುತ್ತು ಹಿಡಿದ ಕೈಗಳು ಅರೆಗಳಿಗೆ ನಿಂತವು. ಆಮೇಲೆ ಮತ್ತೆ ತಟ್ಟೆಗಿಳಿದವು. ಅಂಟು ಕಾಯಿಸುವ ಮುದುಕ, ಎಲ್ಲರೂ ಅಂಟಜ್ಜ ಎನ್ನುವವನು, ನೀರು ಕುಡಿದು ಲೋಟ ಕೆಳಗಿಟ್ಟ.

"ನಮಗೆ ಅವತ್ತೇ ಗೊತ್ತಾಯ್ತು ತಾಯಿ. ಡ್ರೈವರು ಹೇಳಿದಾಗ ನೀನು ಯಾರ ಮುಖಾನೂ ನೋಡಲಿಲ್ಲವಲ್ಲ."

"ಮತ್ತೆ ಯಾಕೆ ಯಾರೂ ಕೇಳಲಿಲ್ಲ?"

"ಏನು ಕೇಳೋದು? ಅವನೊಬ್ಬ ನಂಬಿದ್ದ. ಅವನ ಎದುರಿಗೆ ಕೇಳೋಕೆ ನಮಗೇ ನಾಚಿಕೆಯಾಯ್ತು."

ಇಷ್ಟು ತಿಂಗಳು ಇವರೆಲ್ಲ ಗೊತ್ತಿದ್ದೂ ಬೆಳಿಗ್ಗೆ ಬಂದ ಕೂಡಲೇ ಅಕ್ಕ ಅಕ್ಕ ಎಂದಿದ್ದರು, ರಜ ಕೇಳಿದ್ದರು, ತಮ್ಮ ಬುತ್ತಿಯಿಂದ ಎತ್ತಿ ಬಡಿಸಿದ್ದರು. ಅಂಟಜ್ಜ ಅವಳ ಡಬ್ಬಿಯ ಮುಚ್ಚಳವನ್ನು ತಾನೇ ತೆಗೆದು ಅವಳ ಕಡೆ ಸರಿಸಿದ.

"ತಿನ್ನು, ಆರಿಹೋಗುತ್ತೆ" ಎಂದ.

ಎಲ್ಲರ ನಡುವೆ ಕೂತು, ಯಾರ ಕಡೆಯೂ ಕಣ್ಣೆತ್ತದೆ, ಅವಳು ತಿಂದಳು.