ಎಲ್ಲರೂ ಹೊಗಳಿದ ಪಾಯಸ

ಜ್ವರ ಬಂದು ಹೋದ ಮೇಲೆ ನನ್ನ ಮೂಗು ಕೆಲಸ ನಿಲ್ಲಿಸಿತು. ಖಾತ್ರಿ ಮಾಡಿಕೊಳ್ಳೋಣ ಎಂದು ಒಂದು ಬೆಳಿಗ್ಗೆ ಟಿ. ನಗರದಿಂದ ಬಸ್ಸು ಹತ್ತಿ ರಾಯಪುರಂಗೆ ಹೋಗಿ ಮೀನು ಮಾರುವ ದಡದಲ್ಲಿ ನಿಂತೆ. ಹಿಂದೆಲ್ಲ ಆ ಕಡೆ ಹಾದುಹೋಗುವಾಗಲೇ ಸೆರಗು ಮೂಗಿಗೆ ಬರುತ್ತಿತ್ತು. ಈಗ ಬುಟ್ಟಿಗಟ್ಟಲೆ ಮೀನಿನ ನಡುವೆ ನಿಂತರೂ ಬರೀ ಗಾಳಿ. ಏನು ಬೇಕೆಂದು ಕೇಳಿದ ಹೆಂಗಸಿಗೆ, ಜನ್ಮದಲ್ಲಿ ಮೀನು ಮುಟ್ಟದ ನಾನು, ರೇಟು ಜಾಸ್ತಿಯಾಯಿತು ಎಂದು ಹೇಳಿ ಜಾಗ ಖಾಲಿ ಮಾಡಿದೆ.

ಮನೆಯಲ್ಲಿ ವಿಷಯ ಹೇಳಿದ ದಿನದಿಂದಲೇ ನನ್ನ ಅಡಿಗೆಯ ಹೊಗಳಿಕೆ ಶುರುವಾಯಿತು. ನನ್ನ ಗಂಡ ಇಲ್ಲಿನ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂರುವವರು. ಉಪ್ಪು ಒಂದು ಹರಳು ಹೆಚ್ಚಾದರೂ ಮುಖ ಸಿಂಡರಿಸುವ ಆ ಮನುಷ್ಯ ದಿನವೂ "ಫಸ್ಟ್ ಕ್ಲಾಸ್ ಉಂಟು" ಎನ್ನತೊಡಗಿದರು. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲಿ ಉತ್ತರಿಸುವ ಮಗಳು ಫೋನಿನಿಂದ ತಲೆ ಎತ್ತದೆ "ನಲ್ಲಾ ಇರುಕ್ಕುಮ್ಮಾ" ಎಂದು ತಾನೂ ಹೊಗಳುತ್ತಿದ್ದಳು. ನನಗೆ ಅನುಮಾನ ಹತ್ತಿಕೊಂಡಿತು. ಅವರು ಉಂಡೆದ್ದ ಮೇಲೆ ತಟ್ಟೆಯ ಅಂಚು ಪರೀಕ್ಷಿಸುವೆ, ಕಸದ ಬುಟ್ಟಿಯಲ್ಲಿ ಇಣುಕುವೆ. ಏನೂ ಸಿಗುತ್ತಿರಲಿಲ್ಲ. ಏನೂ ಸಿಗದಿರುವುದೇ ನನಗೆ ಇನ್ನಷ್ಟು ಸಂಶಯಕ್ಕೆ ಕಾರಣವಾಯಿತು.

ನನ್ನ ನಿಜವಾದ ಭಯ ಮಾವನವರ ಶ್ರಾದ್ಧದ್ದು. ಈ ಊರಿನಲ್ಲಿ ನಮ್ಮವರಲ್ಲಿ ಹೆಚ್ಚಿನವರು ಅದನ್ನು ಮಠದಲ್ಲಿ ಮಾಡಿಸಿ ಕೈತೊಳೆದುಕೊಳ್ಳುತ್ತಾರೆ. ನಮ್ಮ ಮನೆಯಲ್ಲಿ ಮಾತ್ರ ಮದುವೆಯಾಗಿ ಬಂದಾಗಿನಿಂದ ನಾನೇ ಮಡಿಯಲ್ಲಿ ಅಡಿಗೆ ಮಾಡುತ್ತಿದ್ದೆ. ಅದೊಂದು ನನ್ನ ಕೈಯಲ್ಲೇ ಉಳಿಯಬೇಕು ಎಂಬ ಹಟ ನನಗೆ. ಆದರೆ ಆ ಅಡಿಗೆಯನ್ನು ಬ್ರಾಹ್ಮಣರ ಊಟಕ್ಕೆ ಮೊದಲು ಯಾರೂ ರುಚಿ ನೋಡುವಂತಿಲ್ಲ. ಅಷ್ಟೂ ವರ್ಷ ನಾನು ಹದ ಹಿಡಿದದ್ದು ಮೂಗಿನಿಂದ.

ಆ ದಿನ ಕಣ್ಣು, ಕಿವಿ, ಅಂದಾಜು ಎಲ್ಲವನ್ನೂ ಒಲೆಯ ಮುಂದೆ ಕೂರಿಸಿಕೊಂಡೇ ಬೇಯಿಸಿದೆ. ಊಟ ಮಾಡುವ ಬ್ರಾಹ್ಮಣರು ಅಡಿಗೆಯ ಗುಣದೋಷ ಎತ್ತಬಾರದೆಂಬುದು ಶಾಸ್ತ್ರ. ಕೊನೆಗೆ ಯಜಮಾನ ತೃಪ್ತಿಯಾಯಿತೇ ಎಂದು ಕೇಳಬೇಕು, ಅವರು ಆಯಿತು ಎನ್ನಬೇಕು. ಗಂಡ ಕೇಳಿದರು, ಅವರು ಅಂದರು. ಬಾಗಿಲ ಹಿಂದೆ ನಿಂತ ನನಗೆ ಅದರಿಂದ ಏನೂ ತಿಳಿಯಲಿಲ್ಲ. ತಾರಸಿಯಲ್ಲಿ ಕಾಗೆಯೂ ಪಿಂಡ ಮುಟ್ಟಿತು. ಟಿ. ನಗರದ ಕಾಗೆ ಏನನ್ನು ತಾನೇ ಬಿಡುತ್ತದೆ.

ಆಮೇಲೆ ಮನೆಯವರ ಪಂಕ್ತಿ. ಪೆರಂಬೂರಿನಿಂದ ಬಂದಿದ್ದ ನಾದಿನಿ, ನನ್ನ ಅಡಿಗೆಯಲ್ಲಿ ಹುಳುಕು ಹುಡುಕದೆ ಒಂದು ದಿನವೂ ಎಲೆ ಮಡಿಸಿದವಳಲ್ಲ. ಅವಳು ಪಾಯಸ ಸುರಿದು, "ಭಾರೀ ಲಾಯ್ಕಾಗಿದೆ ಅತ್ತಿಗೆ" ಎಂದಳು. ಏನೋ ಎಡವಟ್ಟಾಗಿದೆ ಎಂದು ನನಗೆ ಆಗಲೇ ಖಾತ್ರಿಯಾಯಿತು.

ಬಡಿಸಿ ಮುಗಿಸಿ ಒಳಗೆ ಹೋದರೆ, ಉಳಿದ ಪಾಯಸ ಬೇರೆ ಪಾತ್ರೆಯಲ್ಲಿತ್ತು. ಪಾಯಸದ ಉರುಳಿಯನ್ನು ಗಂಡ ತಿಕ್ಕಿ ತೊಳೆದು ಬೋರಲು ಹಾಕುತ್ತಿದ್ದರು. ಮದುವೆಯಾದಂದಿನಿಂದ ಅವರು ಒಂದು ಚಮಚ ತೊಳೆದದ್ದನ್ನೂ ನಾನು ಕಂಡಿರಲಿಲ್ಲ.

"ಇದೆಂಥದ್ದು ಹೊಸತು?" ಎಂದೆ.

"ನಿನಗೆ ಸುಸ್ತಾಗಿದೆ ಅಲ್ವಾ," ಎಂದು ಕೈ ಒರೆಸಿಕೊಳ್ಳುತ್ತಾ ಹಜಾರಕ್ಕೆ ಹೋದರು.

ನಾದಿನಿಯನ್ನು ಅಡಿಗೆಮನೆಗೆ ಕರೆದು ಬಾಗಿಲು ಓರೆ ಮಾಡಿದೆ. "ನೀನಾದರೂ ಸುಳ್ಳು ಹೇಳಬೇಡ ಮಾರಾಯ್ತಿ."

ಅವಳು ಗೋಡೆ ನೋಡಿದಳು. "ತಳ ಹಿಡಿದಿತ್ತು ಅತ್ತಿಗೆ. ಎಲೆಗೆ ಬೀಳುವಾಗಲೇ ವಾಸನೆ ಬಂತು."

ನಂಬುತ್ತೀರೋ ಇಲ್ಲವೋ, ನನಗೆ ಹಾಯೆನಿಸಿತು. ಎಷ್ಟೋ ತಿಂಗಳ ಮೇಲೆ ಒಬ್ಬರು ನನ್ನನ್ನು ಗಟ್ಟಿ ಹೆಂಗಸೆಂದು ತಿಳಿದು ಮಾತಾಡಿದ್ದರು. ಹಾಲು ಕಡಿಮೆ ಉರಿಯಲ್ಲಿಟ್ಟು ಪಕ್ಕದಲ್ಲೇ ನಿಂತರೆ ಮುಂದಿನ ಸಲ ಸರಿಮಾಡಬಹುದು ಎಂದೆ.

"ಮುಂದಿನ ಸಲ ಎಲ್ಲಿ ಅತ್ತಿಗೆ," ಎಂದಳು. "ಇನ್ನು ತಿಥಿ ಮಠದಲ್ಲೇ ಅಂತ ಅಣ್ಣ ಹೇಳಿ ಆಯ್ತಲ್ಲ. ನಿಮ್ಮ ಕೈಯ ಕೊನೆಯ ಅಡಿಗೆ, ಹೇಗಿದ್ರೂ ಚೆನ್ನಾಗಿದೆ ಅನ್ನಿ ಅಂತ ಫೋನು ಮಾಡಿದ್ದ. ನಿಮಗೆ ಗೊತ್ತುಂಟು ಅಂದ್ಕೊಂಡಿದ್ದೆ."

ಎಲ್ಲರೂ ಸೇರಿ ನನ್ನನ್ನು ಬೀಳ್ಕೊಟ್ಟು ಆಗಿತ್ತು, ನಾನೊಬ್ಬಳು ಸೆರಗು ಬಿಗಿದು ಬಡಿಸುತ್ತಿದ್ದೆ.

ಅಷ್ಟರಲ್ಲಿ ಹಜಾರದಿಂದ ಗಂಡನ ದನಿ ಬಂತು. "ಪಾಯಸ ಉಳಿದಿದೆಯಲ್ಲ, ಇನ್ನೊಂದು ಲೋಟ ಕೊಡು. ಇವತ್ತಿನದ್ದು ಒಂದು ರುಚಿಯೇ ಬೇರೆ."

ಲೋಟ ತುಂಬಿಸಿ ತಂದುಕೊಟ್ಟೆ. ಅವರು ನನ್ನ ಮುಖ ನೋಡುತ್ತಲೇ ಗುಟುಕರಿಸಿದರು. ಮುಗಿಯುವವರೆಗೂ ಎದುರಿಗೇ ನಿಂತೆ.

"ಮಠದಲ್ಲಿ ಯಾವಾಗ ಹೇಳಿ ಬಂದಿರಿ?" ಎಂದು ಕೇಳಿದೆ.

ಖಾಲಿಯಾದ ಲೋಟವನ್ನು ಅವರು ಬಾಯಿಂದ ಇಳಿಸಲೇ ಇಲ್ಲ.