ಮೂರನೇ ದರ್ಜೆಯ ತುದಿ

ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಮೋಟಕ್ಕ ಎಂದೇ ಕರೆಯುತ್ತಿದ್ದರು. ಆಳೇನೂ ಕುಳ್ಳಿಯಲ್ಲ, ಬಾಗಿಲು ದಾಟುವಾಗ ತಲೆ ಬಗ್ಗಿಸಬೇಕಾದಷ್ಟು ಎತ್ತರ. ಮೋಟಾಗಿದ್ದದ್ದು ಅವಳ ಜಡೆ. ಹೆಗಲಿನಿಂದ ಒಂದು ಗೇಣು ಕೆಳಗಿಳಿದು, ಇನ್ನು ನನ್ನಿಂದಾಗದು ಎಂದು ಕಾಲು ಚಾಚಿ ಕೂತುಬಿಟ್ಟಿತ್ತು. ಮದುವೆಯಾಗಿ ಬಂದಾಗಲೂ ಅಷ್ಟೇ, ಮಕ್ಕಳು ಮೀಸೆ ಬಿಡುವ ಹೊತ್ತಿಗೂ ಅಷ್ಟೇ.

ಹೊಟ್ಟೆ ಉರಿಸುತ್ತಿದ್ದದ್ದು ಅವಳ ಕೆಲಸ. ಅದು ಚೌರಿ ಮತ್ತು ವಿಗ್ಗು ಕಟ್ಟುವ ಕಾರ್ಖಾನೆ. ತಗಡಿನ ಮಾಡಿನ ಉದ್ದನೆಯ ಕೋಣೆ, ಗೋಡೆಗೆ ಆನಿಸಿದ ಮೇಜುಗಳು, ಮೇಜಿನ ಅಂಚಿಗೆ ಬಿಗಿದ ಹಲಗೆ, ಹಲಗೆಯ ತುಂಬ ಒತ್ತಾಗಿ ನೆಟ್ಟ ಉಕ್ಕಿನ ಮೊಳೆಗಳು. ಎಲ್ಲೆಲ್ಲಿಂದಲೋ ಬಂದ ಕೂದಲ ಕಂತೆಗಳನ್ನು ಆ ಮೊಳೆಗಳ ನಡುವೆ ಎಳೆದು ಸಿಕ್ಕು ಬಿಡಿಸುವುದು ಮೋಟಕ್ಕನ ಪಾಲಿನ ಕೆಲಸ. ಆ ಕೋಣೆಯಲ್ಲಿ ಅವಳಷ್ಟು ನಯವಾದ ಕೈ ಇನ್ನೊಂದಿರಲಿಲ್ಲ. ಕಂತೆಯ ಬುಡವನ್ನು ಬಿಗಿಯಾಗಿ ಹಿಡಿದು, ತುದಿಯನ್ನು ನೀರಿಗೆ ಅದ್ದಿ, ಅಂಗೈಯಲ್ಲಿ ಉಜ್ಜಿದ ಎರಡು ತೊಟ್ಟು ಎಣ್ಣೆಯನ್ನು ಆ ಒದ್ದೆ ತುದಿಗೇ ಸವರುವಳು. ಮೊದಲು ತುದಿಯ ಸಿಕ್ಕು, ಆಮೇಲೆ ನಡು, ಕೊನೆಗೆ ಬುಡ. ಒಂದೆಳೆ ಕಡಿದರೂ ನಾಲಿಗೆ ಕಚ್ಚಿಕೊಳ್ಳುವಳು. ಮೊಣಕಾಲು ಮುಟ್ಟುವ ಕೂದಲು ಹೊಳೆಯಂತೆ ಅವಳ ತೊಡೆಯ ಮೇಲೆ ಹರಡಿರುತ್ತಿತ್ತು. ಯಾವಳೋ ಪುಣ್ಯಾತ್ಗಿತ್ತಿ ಬೆಳೆಸಿ ಕತ್ತರಿಸಿ ಕೊಟ್ಟದ್ದು! ಸಂಜೆ ಅದನ್ನು ಡಬ್ಬಿಯಲ್ಲಿ ಮಲಗಿಸಿ, ತನ್ನ ಮೋಟು ಜಡೆಯನ್ನು ಬೆನ್ನಿಗೆ ಹಾಕಿಕೊಂಡು ಬಸ್ಸು ಹತ್ತುವಾಗ ಅವಳಿಗೆ ಎದೆಯೊಳಗೆ ಏನೋ ಕೆರೆದಂತಾಗುತ್ತಿತ್ತು.

ಇಷ್ಟಾದರೂ ಸುಮ್ಮನಿದ್ದಳು ಎನ್ನೋಣ. ಬಾಯಿ ಸುಮ್ಮನಿರಬೇಕಲ್ಲ! ನಾದಿನಿಯ ಮಗಳ ಮದುವೆ ಗೊತ್ತಾದ ದಿನ ಮನೆ ತುಂಬ ಜನ. ಯಾರ ಸೀರೆ ಯಾವುದು, ಯಾರ ಜಡೆ ಹೇಗೆ ಎಂಬ ಮಾತು ಬಂತು.

"ಅತ್ತಿಗೆಗೇನು ಬಿಡಿ, ಚೌರಿ ಕಾರ್ಖಾನೇಲೇ ಕೂತಿರ್ತಾರೆ. ಯಾವುದು ಬೇಕೋ ಅದನ್ನ ಸಿಕ್ಕಿಸ್ಕೊಂಡು ಬಂದ್ರಾಯ್ತು," ಎಂದು ನಾದಿನಿ ನಕ್ಕಳು. ಅವಳ ಜಡೆ ಸೊಂಟ ದಾಟಿ ತೂಗುತ್ತಿತ್ತು. ಮಾತಾಡುವಾಗೆಲ್ಲ ಅದನ್ನು ಮುಂದಕ್ಕೆಳೆದು ಸವರುವುದು ಅವಳ ಚಾಳಿ.

ಮೋಟಕ್ಕನಿಗೆ ಎಲ್ಲಿಂದ ರೋಷ ಬಂತೋ. "ಬೇರೆಯವರ ಕೂದಲು ನಂಗ್ಯಾಕೆ? ಮದುವೆಗೆ ನನ್ನ ಸ್ವಂತ ಜಡೇಲೇ ಬರ್ತೀನಿ, ನೋಡ್ತಿರಿ. ಸೊಂಟದವರೆಗೆ ಬಿಟ್ಕೊಂಡು ಬರ್ತೀನಿ!"

ಎಲ್ಲರೂ ಗೊಳ್ಳೆಂದರು. ಗಂಡ ಕೂಡ ಪೇಪರಿನ ಹಿಂದೆ ಮುಖ ಮರೆಸಿಕೊಂಡು ಕುಲುಕುಲು ನಕ್ಕದ್ದು ಅವಳ ಕಣ್ಣಿಗೆ ಬಿತ್ತು. ಮದುವೆಗೆ ಇನ್ನೂ ವರ್ಷವಿತ್ತು. ಆಡಿದ ಮಾತನ್ನು ಉಳಿಸಿಕೊಳ್ಳಲೇಬೇಕಾಯಿತು.

ಅಂದಿನಿಂದ ಶುರುವಾಯಿತು ನೋಡಿ ಎಣ್ಣೆಯ ಅಭಿಷೇಕ. ಅತ್ತೆ ಮಂಚದ ಮೇಲೆ ಕೂತೇ ಅಪ್ಪಣೆ ಕೊಡಿಸುತ್ತಿದ್ದರು: "ಬುಡಕ್ಕೆ ಹುಯ್ಯೇ, ಬುಡಕ್ಕೆ. ಗಿಡಕ್ಕೆ ನೀರು ಎಲೆಗೆ ಹಾಕ್ತಾರಾ?" ಪಕ್ಕದ ಮನೆಯಾಕೆ ಈರುಳ್ಳಿ ರಸ ಎಂದಳು. ಔಷಧಿ ಅಂಗಡಿಯವನು ಯಾವುದೋ ತೈಲದ ಸೀಸೆ ಎಂದ. ಎಲ್ಲವೂ ನೆತ್ತಿಗೇ ಬಿತ್ತು. ದಿಂಬು ಜಿಡ್ಡಾಯಿತು, ಗಂಡ ಮಂಚದ ಆ ತುದಿಗೆ ಸರಿದ, ಬಸ್ಸಿನಲ್ಲಿ ಪಕ್ಕ ಕೂತವರು ಮೂಗು ಮುಚ್ಚಿಕೊಂಡರು. ಕೂದಲು ಬೆಳೆಯುತ್ತಿರಲಿಲ್ಲವೆಂದಲ್ಲ. ಬೈತಲೆಯ ಪಕ್ಕ ಬಣ್ಣ ಹಾಕದ ಬಿಳಿಯ ಗೆರೆ ಅಗಲವಾಗುತ್ತಲೇ ಇತ್ತು, ಅಂದರೆ ಮೇಲಿಂದ ಹುಟ್ಟುತ್ತಿದೆ. ಕೆಳಗೆ ಮಾತ್ರ ಅದೇ ಗೇಣು. ಕನ್ನಡಿಗೆ ಬೆನ್ನು ಕೊಟ್ಟು ನಿಂತು, ಕತ್ತು ನೋಯುವಷ್ಟು ತಿರುಗಿ ನೋಡಿಕೊಂಡು, "ಹಾಳಾದ್ದು, ಎಲ್ಲಿಗೆ ಹೋಗುತ್ತೆ ಇದು? ಇಲಿ ತಿನ್ನುತ್ತಾ?" ಎಂದು ಬಾಚಣಿಗೆಯನ್ನು ಎಸೆದ ದಿನಗಳೂ ಉಂಟು.

ಆ ಬಾಚಣಿಗೆಯ ಕತೆಯನ್ನೂ ಹೇಳಬೇಕು. ಬೆಳಗ್ಗೆ ಅನ್ನ ಇಳಿಸಿ, ಡಬ್ಬಿ ತುಂಬಿ, ಅತ್ತೆಗೆ ಮಾತ್ರೆ ಕೊಟ್ಟು, ತಲೆಗೆ ನೀರು ಸುರಿದುಕೊಂಡು ಬರುವ ಹೊತ್ತಿಗೆ ಕಾರ್ಖಾನೆಯ ಬಸ್ಸು ತಿರುವಿನಲ್ಲಿ ಹಾರ್ನ್ ಹೊಡೆಯುತ್ತಿರುತ್ತಿತ್ತು. ಒರಟು ಟವೆಲಿನಲ್ಲಿ ಕೂದಲನ್ನು ಬಟ್ಟೆ ಹಿಂಡುವಂತೆ ಹಿಂಡಿ, ಫಟಫಟ ಬಡಿದು, ಹಲ್ಲು ಮುರಿದ ಬಾಚಣಿಗೆಯನ್ನು ನೆತ್ತಿಯಲ್ಲಿ ಊರಿ ಒಂದೇ ಉಸಿರಿಗೆ ಕೆಳಕ್ಕೆ ಎಳೆಯುವಳು. ಕರಕರ ಸದ್ದು! ಕೆಳಗೆ ಗಂಟು ಸಿಕ್ಕಿದರೆ ಇನ್ನೂ ಜೋರಾಗಿ. ಒದ್ದೆಯಲ್ಲೇ ಹೆಣೆದು, ಕಾರ್ಖಾನೆಯಲ್ಲಿ ಕಂತೆ ಕಟ್ಟುವ ತೆಳ್ಳನೆಯ ರಬ್ಬರ್ ಬ್ಯಾಂಡನ್ನು ತುದಿಗೆ ಸುತ್ತಿಕೊಂಡು ಓಡುವಳು. ಆ ಬ್ಯಾಂಡು ಬಿಚ್ಚುವಾಗ ಪ್ರತಿ ಸಂಜೆ ಅದರ ಜೊತೆ ಒಂದು ಚಿಟಿಕೆ ಕೂದಲೂ ಬರುತ್ತಿತ್ತು. ಅದನ್ನವಳು ಒಲೆಯ ಬೂದಿಯಂತೆ ಗುಡಿಸಿ ಹಾಕುತ್ತಿದ್ದಳು, ಯೋಚಿಸುತ್ತಿರಲಿಲ್ಲ.

ಮದುವೆಗೆ ಎರಡು ತಿಂಗಳು ಇರುವಾಗ ನಡೆದ ಪ್ರಸಂಗವಿದು. ಕಾರ್ಖಾನೆಗೆ ಬಂದ ಕೂದಲನ್ನು ಮುಟ್ಟಿ ದರ್ಜೆ ಹೇಳುವುದು ಒಬ್ಬ ಅಜ್ಜಿಯ ಕೆಲಸ. ಕಣ್ಣು ಮಂಜು, ಆದರೆ ಬೆರಳಿನಿಂದ ಏನೂ ತಪ್ಪಿಸಿಕೊಳ್ಳುವಂತಿಲ್ಲ. ಎಲ್ಲರೂ ಅವಳನ್ನು ದರ್ಜೆ ಅಜ್ಜಿ ಎನ್ನುತ್ತಿದ್ದರು. ಮೋಟಕ್ಕನ ಕೈಯಿಂದ ಸೂಜಿ ಜಾರಿ ಮೇಜಿನ ಕೆಳಗೆ ಬಿತ್ತು. ಅವಳು ಕೂತಲ್ಲಿಂದಲೇ ಪಕ್ಕಕ್ಕೆ ಬಾಗಿ, ಕೈ ಇಳಿಬಿಟ್ಟು ತಡಕಾಡುತ್ತಿದ್ದಾಗ ಅವಳ ಜಡೆ ಹೆಗಲ ಮೇಲಿಂದ ಬಂದು ಮೇಜಿನ ಮೇಲಿನ ಕಂತೆಗಳ ನಡುವೆ ಬಿದ್ದುಕೊಂಡಿತು. ಅಜ್ಜಿ ಅತ್ತ ಬಂದವಳು ಒಂದೊಂದೇ ಕಂತೆಯನ್ನು ಎತ್ತಿ ಬೆರಳಾಡಿಸುತ್ತ, "ಒಂದನೇದು... ಒಂದನೇದು... ಎರಡು..." ಎನ್ನುತ್ತ, ಕೊನೆಗೆ ಆ ಜಡೆಯ ತುದಿಯನ್ನು ಹಿಡಿದಳು.

"ಥೂ! ಈ ಸರಕು ತಂದೋರ್ಯಾರ್ರೀ? ತುದಿ ಪೂರಾ ಪೊರಕೆ! ಎಳೆಎಳೆಯೂ ಸೀಳಿದೆ. ಮೂರನೇ ದರ್ಜೆ. ವಾಪಸ್ ಕಳಿಸಿ ಇದನ್ನ!" ಎಂದು ಒಂದು ಜಗ್ಗು ಜಗ್ಗಿದಳು.

"ಅಯ್ಯಯ್ಯೋ ಅಜ್ಜೀ, ನನ್ನ ತಲೆ!" ಎಂದು ಮೇಜಿನ ಪಕ್ಕದಿಂದ ಕೂಗು ಬಂತು.

ಕೋಣೆಗೆ ಕೋಣೆಯೇ ಬಿದ್ದುಬಿದ್ದು ನಕ್ಕಿತು. ಅಜ್ಜಿ ಮಾತ್ರ ನಗಲಿಲ್ಲ. ತುದಿಯನ್ನು ಬಿಡಲೂ ಇಲ್ಲ.

"ನಿನ್ನದಾ ಮಗಳೇ? ಅಲ್ಲ ಕಣೇ, ಯಾರದೋ ಕತ್ತರಿಸಿದ ಕೂದಲಿಗೆ ನೀರು, ಎಣ್ಣೆ, ಉಪಚಾರ. ತುದಿಯಿಂದ ಬಾಚ್ತೀಯ, ಮಗು ತಲೆ ನೇವರಿಸಿದ ಹಾಗೆ. ನಿನ್ನ ತಲೇಲಿರೋದೇನು ಪಾಪ ಮಾಡಿತ್ತು?"

"ಎಣ್ಣೆ ಹಾಕ್ತೀನಲ್ಲಜ್ಜಿ, ದಿನಾ ಹಾಕ್ತೀನಿ."

"ಎಲ್ಲಿಗೆ?"

"ಬುಡಕ್ಕೆ."

"ಬುಡಕ್ಕೆ ಹಾಕಿದ್ದು ಇಷ್ಟುದ್ದ ನಡ್ಕೊಂಡು ಬರುತ್ತಾ? ಇದೇನು ಬಳ್ಳಿಯಾ, ರಸ ಏರೋಕೆ? ಇದು ನೂಲು ಕಣೇ. ನೂಲು ಸವೆಯೋದು ಎಲ್ಲಿ? ತುದೀಲಿ. ಮೇಲೆ ಹುಟ್ಟಿದಷ್ಟೂ ಕೆಳಗೆ ಪುಡಿಯಾಗಿ ಉದುರ್ತಾ ಇದೆ. ನಾಲ್ಕು ಬೆರಳು ಕತ್ತರಿಸು. ಆಮೇಲೆ ನೋಡ್ಕೋ."

ಮೋಟಕ್ಕನ ಕೋಪ ನೆತ್ತಿಗೇರಿತು. ಅಜ್ಜಿಯ ಮೇಲಲ್ಲ. ಇಷ್ಟು ವರ್ಷ ತನ್ನ ಕೈಯೇ ಬಲ್ಲ ಕೆಲಸ ತನ್ನ ತಲೆಗೆ ಗೊತ್ತಾಗಲಿಲ್ಲವಲ್ಲ! ದಿನಕ್ಕೆಷ್ಟು ಕಂತೆಗೆ ಮಾಡಿದ ಉಪಚಾರ, ಮನೆಯ ಕನ್ನಡಿಯ ಮುಂದೆ ನಿಂತಾಗ ಒಮ್ಮೆಯೂ ನೆನಪಾಗಲಿಲ್ಲ. ಆದರೆ ಕತ್ತರಿಸುವುದೇ? ಇರುವುದೇ ಒಂದು ಗೇಣು, ಅದರಲ್ಲಿ ನಾಲ್ಕು ಬೆರಳು ಹೋದರೆ ಮದುವೆಗೆ ಏನನ್ನು ತೂಗಿಸಿಕೊಂಡು ಹೋಗುವುದು?

ಕತ್ತರಿ ಮುಟ್ಟಲಿಲ್ಲ. ರಬ್ಬರ್ ಬ್ಯಾಂಡು ಎಸೆದು ಹಳೆಯ ಹತ್ತಿ ಸೀರೆಯ ಅಂಚು ಹರಿದು ಕಟ್ಟಿಕೊಂಡಳು. ಟವೆಲಿನ ಬದಲು ಗಂಡನ ಮೆತ್ತಗಿನ ಹಳೆಯ ಬನಿಯನ್ನಿನಲ್ಲಿ ನೀರು ಒತ್ತಿದಳು. ಒದ್ದೆ ತುದಿಗೆ ಎರಡು ತೊಟ್ಟು ಎಣ್ಣೆ ಸವರಿ, ತುದಿ ಮೈಗೆ ಉಜ್ಜದಂತೆ ಮಡಚಿ ಸಿಕ್ಕಿಸಿದಳು. "ಬುಡ ಬಿಟ್ಟು ಬಾಲಕ್ಕೆ ಹಚ್ತಾಳಲ್ಲಪ್ಪ, ಇವಳಿಗೇನು ಹುಚ್ಚಾ?" ಎಂದು ಅತ್ತೆ ಕೇಳಿದ್ದಕ್ಕೆ, "ಹೂಂ ಅತ್ತೆ, ಹಿಡಿದಿದೆ," ಎಂದಳು. ಒಳ್ಳೆಯ ತುದಿಗಳು ಮೆತ್ತಗಾದವು, ನಿಜ. ಆದರೆ ಆಗಲೇ ಸೀಳಿದ್ದು ಕೂಡಿಕೊಳ್ಳಲಿಲ್ಲ. ಹರಿದ ಬಟ್ಟೆಯ ಹಾಗೆ ಸೀಳು ಮೇಲಕ್ಕೇ ಹತ್ತುತ್ತಿತ್ತು. ಬೆಳಕಿಗೆ ಹಿಡಿದು ನೋಡಿದಾಗಲೆಲ್ಲ ಅವಳಿಗೆ ಅಳುವೇ ಬರುತ್ತಿತ್ತು.

ಮದುವೆಯ ವಾರ ನಾದಿನಿ ಕಾಗದದ ಪೊಟ್ಟಣ ಹಿಡಿದು ಬಂದಳು. "ಅತ್ತಿಗೆ, ಬೇಜಾರು ಮಾಡ್ಕೋಬೇಡಿ. ನಿಮ್ಮ ಬಣ್ಣಕ್ಕೇ ಹೊಂದೋದು ಹುಡುಕಿ ತಂದೆ. ಜನ ನೋಡ್ತಾರಲ್ವಾ?"

ಪೊಟ್ಟಣದೊಳಗೆ ಚೌರಿ. ಮೋಟಕ್ಕ ಅದರ ತಲೆಯನ್ನು ತಿರುಗಿಸಿ ಗಂಟು ನೋಡಿದಳು. ತಮ್ಮದೇ ಕಾರ್ಖಾನೆಯದು. ತುದಿ ಮುಟ್ಟಿದಳು, ರೇಷ್ಮೆ. ತನ್ನದೇ ಕೈ. ಒಂದು ಗಳಿಗೆ ಆಸೆಯಾಗದೆ ಇರಲಿಲ್ಲ. ಸಿಕ್ಕಿಸಿಕೊಂಡರೆ ಸೊಂಟ ದಾಟುತ್ತದೆ, ಯಾರೂ ನಗುವುದಿಲ್ಲ. ಆದರೆ ಈ ನಾದಿನಿ ಮಾತ್ರ ಸಾಯುವವರೆಗೂ ಅದನ್ನೇ ಎತ್ತಿ ಆಡುತ್ತಾಳೆ. ಸಿಕ್ಕಿಸಿಕೊಳ್ಳದಿದ್ದರೂ ಆಡುತ್ತಾಳೆ! ಎರಡೂ ಕಡೆ ಬೈಗುಳವೇ ಆದಮೇಲೆ ಈ ಪೊರಕೆಯನ್ನು ಯಾಕೆ ಸಾಕಬೇಕು?

ಒಳಗೆ ಹೋಗಿ ಕತ್ತರಿ ತಂದು, ಜಡೆಯನ್ನು ಮುಂದಕ್ಕೆಳೆದು, ನಾದಿನಿಯ ಕಣ್ಣೆದುರೇ ನಾಲ್ಕು ಬೆರಳು ಕತ್ತರಿಸಿ ಹಾಕಿದಳು.

"ಅಯ್ಯೋ, ಇದೇನು ಅತ್ತಿಗೆ! ಇನ್ನೂ ಮೋಟಾಯ್ತಲ್ಲ!"

"ಆಗ್ಲಿ ಬಿಡಿ. ಸ್ವಂತ ಜಡೇಲೇ ಬರ್ತೀನಿ ಅಂದಿದ್ದೆ. ಸೊಂಟದ ಮಾತು ಉಳೀಲಿಲ್ಲ, ಇಷ್ಟಾದರೂ ಉಳೀಲಿ."

ಮದುವೆಯ ಮನೆಯಲ್ಲಿ ಆಗಬೇಕಾದದ್ದೆಲ್ಲ ಆಯಿತು. "ಕೂದಲಿನ ಕಾರ್ಖಾನೇಲಿ ಕೆಲ್ಸ ಅಂತೆ, ಪಾಪ," ಎಂದು ಯಾರೋ ಪಿಸುಗುಟ್ಟಿದ್ದು ಕೇಳಿಸಿತು. ಮೋಟಕ್ಕ ಹಲ್ಲು ಕಚ್ಚಿ ಕೂತಳು. ಮುಂದಿನ ಸಾಲಿನಲ್ಲಿದ್ದ ನಾದಿನಿ ಏಳಹೋದಾಗ ಅವಳ ಜಡೆಯ ತುದಿ ಕಬ್ಬಿಣದ ಕುರ್ಚಿಯ ಸಂದಿಗೆ ಸಿಕ್ಕಿಕೊಂಡಿತು. ಮೋಟಕ್ಕ ಬಗ್ಗಿ ಬಿಡಿಸಿದಳು, ತುದಿಯಿಂದ, ನಿಧಾನಕ್ಕೆ. ಬೆರಳು ಮೇಲೆ ಹೋದಂತೆ ಜಡೆಯ ನಡುವಿನಲ್ಲಿ ಗಂಟೊಂದು ತಾಗಿತು. ಚೌರಿಯ ಗಂಟು, ಹಳೆಯ ಮಾದರಿಯದು, ತಮ್ಮ ಕಾರ್ಖಾನೆಯದೇ. ಎಷ್ಟು ವರ್ಷದಿಂದ ಮುಂದಕ್ಕೆಳೆದು ಸವರಿದ ಜಡೆಯಿದು! ನಾದಿನಿ ತಿರುಗಿ ನೋಡಿದಳು. ಇಬ್ಬರ ಕಣ್ಣೂ ಕೂಡಿತು. ನಾದಿನಿಯ ಮುಖ ಬಿಳಿಚಿಕೊಂಡಿತ್ತು.

ಕೂಗಿ ಹೇಳಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಹಾಳಾದ್ದು, ಮಗಳ ಮದುವೆಯ ದಿನ!

"ತುದಿ ಒಣಗಿದೆ. ಎರಡು ತೊಟ್ಟು ಎಣ್ಣೆ ಮುಟ್ಟಿಸಿ," ಎಂದಷ್ಟೇ ಹೇಳಿ ಬಿಟ್ಟಳು. ಹಾಗೆ ಬಿಟ್ಟದ್ದಕ್ಕೆ ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡಳು.

ಮರುದಿನ ಬೆಳಗ್ಗೆ ತಿರುವಿನಲ್ಲಿ ಹಾರ್ನ್ ಕೇಳಿಸಿತು. ಮೋಟಕ್ಕ ಕನ್ನಡಿಯ ಮುಂದೆ ತುದಿಯ ಸಿಕ್ಕನ್ನು ಬೆರಳಲ್ಲಿ ಬಿಡಿಸುತ್ತಿದ್ದಳು. ನಡು ಇನ್ನೂ ಬಾಕಿಯಿತ್ತು, ಬುಡ ಆಮೇಲೆ.

"ಬಸ್ಸು ಹೋಯ್ತು ಕಣೇ!" ಎಂದರು ಅತ್ತೆ.

"ಹೋಗ್ಲಿ, ದರಿದ್ರದ್ದು!" ಎಂದು ಕಿರುಚಿ, ಮೆಲ್ಲಗೆ ಬಾಚಿದಳು.